ಕಣ್ಣು ಬಿಟ್ಟ ಫೋಟೊ

ತಿಪಟೂರಿನಲ್ಲಿ ಆಗ ನನ್ನದೊಂದು ಫೋಟೊ ಸ್ಟುಡಿಯೋ ಇತ್ತು. ನಮ್ಮ ಕಡೆಯ ಶಿವಭಕ್ತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ನನಗೆ ಹೇಳಿ ಕಳಿಸುತ್ತಿದ್ದರು. ಬದುಕಿದ್ದಾಗ ಒಂದೂ ಫೋಟೊ ತೆಗೆಸಿಕೊಳ್ಳದ ಎಷ್ಟೋ ಜನರನ್ನು ನಾನು ನೋಡಿದ್ದೇ ಹಾಗೆ. ಕ್ಯಾಮೆರಾ ಹಿಡಿದು ಸೈಕಲ್ ಹತ್ತಿದರೆ ಸಾಕು, "ಯಾರು ಹೋದ್ರು?" ಎಂದು ಕೇಳುವವರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕದ ಶುರುವಿನಲ್ಲಿ, ಮುಂಬಯಿಗೆ ಹೋಗಿಬರುತ್ತಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರಿಂದ, ತೆಗೆದ ಕೂಡಲೇ ಫೋಟೊ ಈಚೆಗೆ ತಳ್ಳುವ ಕ್ಯಾಮೆರಾ ತರಿಸಿದೆ. ಅದನ್ನು ಹಿಡಿದು ಬಿಳಿಗೆರೆಯ ತೆಂಗಿನ ತೋಟದ ಮನೆಯೊಂದಕ್ಕೆ ನಾಮಕರಣಕ್ಕೆ ಹೋದೆ. ಮಗುವಿನದು, ತಾಯಿಯದು ಆಯಿತು. ಮಗುವಿನ ಅಜ್ಜಿ ಮಾತ್ರ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡಿದ್ದರು.

"ಹೋಗಪ್ಪ ನೀನು," ಎಂದರು ಒಳಗಿನಿಂದಲೇ. "ನಮ್ಮ ಯಜಮಾನ್ರನ್ನ ಎಂಗೆ ತೆಗ್ದಿದ್ದೀಯ ನೋಡು. ಗೋಡೆ ಮ್ಯಾಲೆ ಕಣ್ಮುಚ್ಕಂಡು ಕುಂತವ್ರೆ. ತಾತ ಯಾವಾಗ ಏಳ್ತದೆ ಅಂತ ಮೊಮ್ಮಕ್ಳು ಕೇಳ್ತವೆ. ನಾಳೆ ನಾನೂ ಅಂಗೇ ಕುಂತ್ಕಬೇಕಾ?"

"ಹೋದ್ಮೇಲೆ ಕರ್ಸಿದ್ದು ನೀವು ಕಣಜ್ಜಿ. ನಾನೆಲ್ಲಿಂದ ಕಣ್ಣು ಬಿಡಿಸ್ಲಿ?" ಎಂದು ರೇಗಿದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. "ಅದೂ ದಿಟವೇ. ತೆಗಿ ಮತ್ತೆ. ಕಣ್ಮುಚ್ಚಿದ್ರೆ ಹೇಳ್ತೀಯಾ?"

"ನಿಮ್ಮ ಕೈಗೇ ಕೊಡ್ತೀನಿ. ಸರಿಯಿಲ್ಲ ಅಂದ್ರೆ ಒಲೆಗೆ ಹಾಕಿ. ನನ್ನತ್ರ ಇನ್ನೊಂದು ಇರಲ್ಲ."

ಅಜ್ಜಿ ಕಣ್ಣಗಲಿಸಿ ಕೂತರು. ಕ್ಯಾಮೆರಾದಿಂದ ಬೂದು ಬಣ್ಣದ ಖಾಲಿ ಕಾಗದ ಬಂತು.

"ಏನೂ ಇಲ್ವಲ್ಲಪ್ಪ."

"ತಡೀರಿ ಅಜ್ಜಿ, ಒಳಗೆ ಇನ್ನೂ ಆಗ್ತಾ ಐತೆ."

ಕೊಬ್ಬರಿ ಮಾಡುವ ಮನೆಯ ಅಜ್ಜಿಗೆ ಅಷ್ಟು ಸಾಕಾಯಿತು. ಅಟ್ಟದ ಮೇಲಿನ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಿ ಒಳಗೆ ಗಡಗಡ ಅನ್ನುತ್ತಿದೆಯೇ ಎಂದು ನೋಡುವ ಹಾಗೆ ಫೋಟೊವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಸದ್ದೇ ಇಲ್ಲ ಬುಡು. ಇನ್ನೂ ಹಸಿ ಐತೆ."

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಅಜ್ಜಿ ಕಣ್ಣು ಮಿಟುಕಿಸಿಬಿಟ್ಟಿದ್ದರೆ ಏನು ಗತಿ?

ಮೊದಲು ಸೀರೆಯ ಕೆಂಪು ಮೂಡಿತು, ಆಮೇಲೆ ಹಣೆಯ ವಿಭೂತಿ, ಕೊನೆಗೆ ಕಣ್ಣು. ಎರಡೂ ತೆರೆದಿದ್ದವು. ಅಜ್ಜಿ ಬಹಳ ಹೊತ್ತು ನೋಡಿ ಮಗನನ್ನು ಕರೆದರು.

"ನಾನು ಹೋದ್ಮೇಲೆ ಇದನ್ನೇ ಹಾಕ್ರಪ್ಪ. ಇವನಿಗೆ ಹೇಳಿ ಕಳಿಸ್ಬ್ಯಾಡ್ರಿ." ನನ್ನ ಕಡೆ ತಿರುಗಿ, "ಈಗ ಕುಂತ್ಕೊ, ಹೋಳಿಗೆ ಉಂಡು ಹೋಗು," ಎಂದರು.

ಕೆಲವು ವರ್ಷಗಳ ಮೇಲೆ ಅಜ್ಜಿ ತೀರಿಕೊಂಡಾಗ ಹೇಳಿ ಕಳಿಸಲಿಲ್ಲ. ಸುದ್ದಿ ತಿಳಿದು ನಾನೇ ಕ್ಯಾಮೆರಾ ಬಿಟ್ಟು ಬರಿಗೈಯಲ್ಲಿ ಹೋದೆ. ಸಾವಿನ ಮನೆಯಲ್ಲಿ ನಾನು ಕೂತು ಅತ್ತದ್ದು ಅದೇ ಮೊದಲು.