ಭೂತಪ್ಪನ ಮುರುಗಲ ಗಾಜು

ಭೂತಪ್ಪನ ಅಜ್ಜ ಹುಲಿಯಪ್ಪ ಹುಲಿ ಹೊಡೆದವನೇನಲ್ಲ. ಹುಲಿಗೆ ಹೆದರಿ ಎರಡು ದಿನ ಹಲಸಿನ ಮರದ ಮೇಲೆ ಕೂತು, ಊರವರು ತಂದ ಏಣಿಯನ್ನೂ ಮುಟ್ಟದೆ, ತೊಡೆ ತರಚಿಕೊಂಡು ತಾನೇ ಇಳಿದವನು. ಅಪ್ಪ ಮಾರಪ್ಪ ಒಂದಾಳನ್ನೂ ಕರೆಯದೆ ಹಳ್ಳಕ್ಕೆ ಒಡ್ಡು ಕಟ್ಟಿದ. ಒಡ್ಡು ಆರು ದಿನ ನಿಂತಿತು; ಅದರ ಸುದ್ದಿ ಮೂವತ್ತು ವರ್ಷ ನಿಂತಿತು. ಇಂಥ ವಂಶದ ಕುಡಿ ಹುಂಚದ ಹತ್ತಿರ ಬರೀ ರೇಡಿಯೋ ರಿಪೇರಿ ಮಾಡಿಕೊಂಡು ಸುಮ್ಮನಿರುವುದುಂಟೆ?

ಎಂಬತ್ತಾರನೇ ಇಸವಿಯ ಬೇಸಗೆ. ಗಾಜಿಗೆ ಬಿಳಿ ಪುಡಿ ಬಳಿದು ಬಣ್ಣ ಹಿಡಿಸಿದರೆ ಬಿಸಿಲಿನಿಂದ ಕರೆಂಟು ಬರುತ್ತದೆಂದು, ರಿಪೇರಿಗೆ ರೇಡಿಯೋ ತಂದ ತೀರ್ಥಹಳ್ಳಿಯ ಕಾಲೇಜು ಮೇಷ್ಟ್ರು ಶೇಷಪ್ಪನವರು ಬಾಯಿಬಿಟ್ಟರು. ಕರೆಂಟು ಹರಿಯುವ ನಾಲ್ಕು ಚೂರು ಗಾಜನ್ನೂ ಒಂದು ಪೊಟ್ಟಣ ಪುಡಿಯನ್ನೂ ಕೊಟ್ಟುಹೋದರು. ಭೂತಪ್ಪ ಒಂದು ಗಾಜಿಗೆ ಪುಡಿ ಬಳಿದು, ಹೊಳೆಗಲ್ಲಿನಿಂದ ಕನ್ನಡಿಯಂತೆ ತಿಕ್ಕಿ, ಕಡುಗೆಂಪು ಮುರುಗಲ ಹಣ್ಣಿನ ರಸ ಹುಯ್ದ. ಇನ್ನೊಂದಕ್ಕೆ ದೀಪದ ಮಸಿ ಹಿಡಿಸಿದ. ನಡುವೆ ಗಾಯಕ್ಕೆ ಹಚ್ಚುವ ಟಿಂಚರು ಬಿಟ್ಟು, ರಿಪೇರಿ ಮೀಟರಿಗೆ ತಂತಿ ಸಿಕ್ಕಿಸಿ ಬಿಸಿಲಿಗೆ ಹಿಡಿದ. ಮೀಟರಿನ ಮುಳ್ಳು ಗಬ್ಬದ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು.

ಗಬ್ಬದ ಎಮ್ಮೆ ಮನೆಯಲ್ಲೂ ಒಂದಿತ್ತು. ಕೊಟ್ಟಿಗೆಯ ಮಾಡು ಕುಸಿದಿತ್ತು.

"ಎಮ್ಮೆ ಕರ ಹಾಕೋದ್ರೊಳಗೆ ಆ ಮುಳ್ಳು ಅಳ್ಳಾಡ್ಲಿಲ್ಲ ಅಂದ್ರೆ, ನಿಮ್ಮ ರೇಡಿಯೋ ಕೋಣೇಲೇ ಬಾಣಂತಿ ಎಮ್ಮೆ ಕಟ್ತೀನಿ," ಎಂದಳು ಹೆಂಡತಿ ಕನ್ನಮ್ಮ.

ಭೂತಪ್ಪ ಹಟ ಹಿಡಿದು ಮತ್ತಷ್ಟು ನುಣ್ಣಗೆ ತಿಕ್ಕಿದ. ರಸ ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿತು. ಗೋಡೆಗೆ ಚಿತ್ತಾರ ಬರೆಯುವುದರಲ್ಲಿ ಸೀಮೆಗೇ ಹೆಸರಾದ ಕನ್ನಮ್ಮ ನಕ್ಕಳು.

"ಇದು ನಿಮ್ಮ ಬೋಳುತಲೆ ಹಂಗೇ ಆತಲ್ಲ! ಬಣ್ಣ ಎಲ್ಲಿ ಕೂರ್ಬೇಕು? ಗೋಡೆ ತರಿತರಿ ಇದ್ರೇ ಬಣ್ಣ ಕುಡಿಯೋದು."

"ಇದು ಸೈನ್ಸು ಕಣೇ."

"ಆಗ್ಲಿ. ನಂದು ಗಂಜಿ."

ಮಂದ ಗಂಜಿಯಲ್ಲಿ ಪುಡಿ ಕಲಸಿ, ಗಾಜಿಗೆ ಸವರಿ, ಕೆಂಡದ ಮೇಲಿನ ದೋಸೆಕಲ್ಲಿಗಿಟ್ಟಳು. ಗಂಜಿ ಕರಿಕಾಗಿ, ಹೊಗೆಯಾಗಿ ಹಾರಿಹೋಯಿತು. ಉಳಿದದ್ದು ಬೆಳ್ಳಗಿನ ಪದರ. ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಆರಿದ ಮೇಲೆ ರಸ ಹುಯ್ದರೆ ಮದುವೆಮನೆ ನೆಂಟನ ಹಾಗೆ ಹೀರಿತು. ಮಸಿ ಗಾಜು ಕೂಡಿಸಿ, ಟಿಂಚರು ಬಿಟ್ಟು ಬಿಸಿಲಿಗೆ ಹಿಡಿದದ್ದೇ ತಡ, ಮುಳ್ಳು ಎದ್ದು ನಿಂತಿತು!

ಅದೇ ಸಂಜೆ ಎಮ್ಮೆ ಕರು ಹಾಕಿತು. ಕನ್ನಮ್ಮ ಮಾತಿಗೆ ತಪ್ಪಲಿಲ್ಲ. ಎಮ್ಮೆಯನ್ನು ರೇಡಿಯೋ ಕೋಣೆ ಬಿಟ್ಟು, ಭೂತಪ್ಪ ಮಲಗುವ ಜಗಲಿಯಲ್ಲಿ ಕಟ್ಟಿದಳು.

ಸುದ್ದಿ ಕೇಳಿ ಓಡಿಬಂದ ಶೇಷಪ್ಪನವರು ಮುಳ್ಳು ನೋಡಿ ಬೆರಗಾದರು. "ಭೂತಪ್ಪ, ದೊಡ್ಡ ಲ್ಯಾಬಿನವರು ನಂಗೆ ಗೊತ್ತು. ಅವ್ರ ಕೈಲಿ ಇದನ್ನ ಇನ್ನೂ ಸುಧಾರಿಸಿ ಕೊಡಿಸ್ಲಾ?"

ಭೂತಪ್ಪ ಮೀಸೆ ಮೇಲೆ ಕೈಯಾಡಿಸಿದ.

"ಬ್ಯಾಡ ಮೇಷ್ಟ್ರೇ. ನಮ್ಮಜ್ಜ ಏಣಿ ಮುಟ್ಲಿಲ್ಲ, ನಮ್ಮಪ್ಪ ಆಳು ಕರೀಲಿಲ್ಲ. ನಾನೂ ಯಾರ ಸಹಾಯನೂ ತಗಳ್ಳೋನಲ್ಲ. ಏ ಕನ್ನಮ್ಮಾ, ಆ ಗಂಜಿ ಪಾತ್ರೆ ಇತ್ಲಾಗ್ ತಾರೇ!"