ಹಾಜರಿ ಕೊನೆಗೆ ಕರೆಯುತ್ತಿದ್ದ ಸರ್

ಅವರ ಬಲಗಿವಿಯ ಮೇಲೆ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು ಸಿಕ್ಕಿಕೊಂಡಿರುತ್ತಿತ್ತು. ಬಡಗಿ ಪೆನ್ಸಿಲ್ ಇಟ್ಟುಕೊಳ್ಳುತ್ತಾನಲ್ಲ, ಹಾಗೆ. ಪಾಠ ಮುಗಿದ ಮೇಲೂ ಅದನ್ನು ತೆಗೆಯುವ ನೆನಪು ಅವರಿಗೆ ಇರುತ್ತಿರಲಿಲ್ಲ. ಹಾಗೇ ಬಸ್ ಹತ್ತಿ, ಹಾಗೇ ಮಲ್ಕಾಜ್‌ಗಿರಿಯ ಮನೆ ಮುಟ್ಟುತ್ತಿದ್ದರು. ಕಿವಿಯ ಹತ್ತಿರದ ಕೂದಲು ನರೆತಿದೆಯೋ ಸುಣ್ಣ ಹತ್ತಿದೆಯೋ ಎಂದು ನಾವು ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತು ಪಿಸುಗುಟ್ಟಿ ನಗುತ್ತಿದ್ದೆವು.

ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ಸಂಜೆ ತರಗತಿಯಲ್ಲಿ ಅವರು ನಮಗೆ ಲೆಕ್ಕ ಕಲಿಸುತ್ತಿದ್ದರು. ಅರ್ಧಕ್ಕೇ ಶಾಲೆ ಬಿಟ್ಟ ದೊಡ್ಡವರಿಗಾಗಿ ನಡೆಸುತ್ತಿದ್ದ ತರಗತಿ ಅದು. ವರ್ಷದ ಕೊನೆಗೆ ಒಂದು ಅರ್ಹತಾ ಪರೀಕ್ಷೆ, ಅದು ಪಾಸಾದರೆ ನೇರ ಬಿ.ಎ.ಗೆ ಸೇರಬಹುದು. ನಾನು ಸುರಪುರದ ಕಡೆಯವಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ ಕಾಚಿಗೂಡಕ್ಕೆ ಬಂದೆ. ನನ್ನ ಗಂಡ ನಾಂಪಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನು ತೀರಿಕೊಂಡ ಮೇಲೆ ಅಲ್ಲೇ ನನಗೆ ಕೆಲಸ ಕೊಟ್ಟರು. ಓದಿಲ್ಲದವಳಿಗೆ ಗುಮಾಸ್ತಿಕೆ ಎಲ್ಲಿಂದ ಬರಬೇಕು? ಅಟೆಂಡರ್ ಆದೆ. ಅವನು ಕೂರುತ್ತಿದ್ದ ಟೇಬಲ್ಲಿಗೆ ಬೇರೊಬ್ಬರು ಬಂದಿದ್ದರು. ಅವರಿಗೆ ದಿನಕ್ಕೆ ಎರಡು ಸಲ ಚಹಾ ಒಯ್ದು ಕೊಡುವವಳು ನಾನು. ಡಿಗ್ರಿಯಾದರೆ ಬಡ್ತಿ ಸಿಗುತ್ತದೆ ಎಂದು ಯಾರೋ ಹೇಳಿದರು. ಆ ಟೇಬಲ್ಲಿನ ಮುಂದೆ ಕಪ್ಪು ಹಿಡಿದು ನಿಲ್ಲುವುದೊಂದು ತಪ್ಪಿದರೆ ಸಾಕು ಎಂದು ಹೋಗಿ ಸೇರಿಕೊಂಡೆ.

ತರಗತಿ ಆರು ಗಂಟೆಗೆ. ಆದರೆ ಆರಕ್ಕೆ ಬರುವವರು ಯಾರು? ನನಗೆ ಸಾಹೇಬರು ಎದ್ದ ಮೇಲೆ ಬಾಗಿಲು ಹಾಕಿ ಬರಬೇಕು. ಗಾರೆ ಕೆಲಸದ ಒಬ್ಬನಿದ್ದ, ನಾರಾಯಣಪೇಟೆಯವನು, ಕೈಕಾಲು ತೊಳೆದು ಬರುವಷ್ಟರಲ್ಲಿ ಏಳಾಗುತ್ತಿತ್ತು. ಇಪ್ಪತ್ತೆರಡು ಜನರದ್ದೂ ಇದೇ ಕಥೆ. ನಿಯಮದ ಪ್ರಕಾರ ಮೊದಲ ಹತ್ತು ನಿಮಿಷದಲ್ಲಿ ಹಾಜರಿ ಕರೆದು ಪುಸ್ತಕ ಮುಚ್ಚಬೇಕು. ಮುಕ್ಕಾಲು ಪಾಲು ಹಾಜರಿ ಇಲ್ಲದವರಿಗೆ ಹಾಲ್‌ಟಿಕೆಟ್ ಇಲ್ಲ. ಸರ್ ಮಾತ್ರ ಎಂಟು ಗಂಟೆಗೆ, ಪಾಠ ಮುಗಿಸಿ ಬೋರ್ಡು ಒರೆಸಿದ ಮೇಲೆ, ಪುಸ್ತಕ ತೆರೆಯುತ್ತಿದ್ದರು. ಯಾಕೆಂದು ಒಮ್ಮೆ ನಾನೇ ಕೇಳಿದೆ. ಸರ್ ರಾಯಚೂರು ಕಡೆಯವರು. ಪಾಠ ತೆಲುಗಿನಲ್ಲಿ ಮಾಡಿದರೂ ನಮ್ಮಂಥವರ ಜೊತೆ ಕನ್ನಡವೇ.

"ದುಡದು ಬರೋ ಮಂದಿ ಐತಿ ತಂಗಿ. ಇವರು ಬರೋದ್ರಾಗ ಹೆಸರು ಕರದು ಮುಗಿಸಿದ್ರ ನಾಳಿ ಯಾಕ ಬಂದಾರು? ತಡಾ ಆದ್ರ ಏನಾತು, ಬಂದ್ರಲ್ಲ," ಅಂದರು.

ಗಾರೆಯವನು ಬಂದು ಕೂತ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದ. ಪಕ್ಕದವರು ತಿವಿಯಲು ಹೋದರೆ ಸರ್ ಕೈ ಅಡ್ಡ ಮಾಡುತ್ತಿದ್ದರು. "ಮಲಗಲಿ ಬಿಡ್ರಿ. ಲೆಕ್ಕ ಎಲ್ಲೂ ಓಡಿ ಹೋಗೂದಿಲ್ಲ." ಅನುಪಾತದ ಪಾಠ ಬಂದ ದಿನ ಅವನನ್ನು ಎಬ್ಬಿಸಿ ಬೋರ್ಡಿನ ಹತ್ತಿರ ಕರೆದರು. ಗೋಡೆಗೆ ಗಿಲಾವು ಮಾಡಲು ಮಾಲು ಹೇಗೆ ಕಲಸುತ್ತೀರಿ ಎಂದು ಕೇಳಿದರು. ಅವನು ಕಣ್ಣುಜ್ಜಿಕೊಳ್ಳುತ್ತ, ಒಂದು ಬುಟ್ಟಿ ಸಿಮೆಂಟಿಗೆ ನಾಲ್ಕು ಬುಟ್ಟಿ ಉಸುಕು, ಸೂರಿಗಾದರೆ ಮೂರೇ ಬುಟ್ಟಿ ಎಂದ. ಸೀಮೆಸುಣ್ಣ ಅವನ ಕೈಗೆ ಕೊಟ್ಟು ಸರ್ ಹೋಗಿ ಅವನ ಬೆಂಚಿನಲ್ಲಿ ಕೂತರು.

"ಇವರು ಹದಿನೈದು ವರ್ಷದಿಂದ ಅನುಪಾತ ಮಾಡಾಕತ್ತಾರ. ಅದರ ಹೆಸರೊಂದು ಗೊತ್ತಿರಲಿಲ್ಲ, ಅಷ್ಟ," ಅಂದರು.

ಅವತ್ತಿನಿಂದ ಗಾರೆಯವನು ನಿದ್ದೆ ಮಾಡಲಿಲ್ಲ. ನಾನೂ ಕಚೇರಿಯಲ್ಲಿ ಚಹಾ ಸೋಸುವಾಗ ಬಾಯಲ್ಲಿ ಮಗ್ಗಿ ಹೇಳಿಕೊಳ್ಳತೊಡಗಿದೆ. ನಲವತ್ತರ ಹೆಂಗಸಿಗೆ ಇದೇನು ಹುಚ್ಚು ಎಂದು ಜನ ನಕ್ಕರೆ ನಗಲಿ, ನನಗೆ ಖುಷಿಯಾಗುತ್ತಿತ್ತು.

ಈ ಖುಷಿಯೇ ಬಾಯಿಗೆ ಬಂದು ಎಲ್ಲವನ್ನೂ ಹಾಳು ಮಾಡಿತು. ಪರೀಕ್ಷೆಗೆ ಎರಡು ತಿಂಗಳಿರುವಾಗ ವಿಶ್ವವಿದ್ಯಾಲಯದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಹೊತ್ತು ಏಳು ಗಂಟೆ ದಾಟಿತ್ತು. ಸರ್ ನೀರು ಕುಡಿದು ಬರಲು ಕೆಳಗೆ ಹೋಗಿದ್ದರು. ಅಧಿಕಾರಿ ಮೇಜಿನ ಮೇಲಿನ ಹಾಜರಿ ಪುಸ್ತಕ ತೆರೆದು ನೋಡಿದರು. ಅವತ್ತಿನ ಸಾಲು ಖಾಲಿ. ಇನ್ನೂ ಹಾಜರಿ ಯಾಕೆ ಹಾಕಿಲ್ಲ ಎಂದು ತೆಲುಗಿನಲ್ಲಿ ಕೇಳಿದರು. ಮರೆತಿರಬೇಕು ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಎದ್ದು ನಿಂತೆ.

"ಮಾ ಸಾರ್ ಚಾಲಾ ಮಂಚಿವಾರಂಡಿ," ಎಂದು ಶುರು ಮಾಡಿದೆ. ನಮ್ಮ ಸರ್ ತುಂಬಾ ಒಳ್ಳೆಯವರು, ನಾವು ಏಳಕ್ಕೆ ಬಂದರೂ ಪೂರ್ತಿ ಹಾಜರಿ ಕೊಡುತ್ತಾರೆ, ವರ್ಷವಿಡೀ ಹೀಗೇ ಕೊಟ್ಟಿದ್ದಾರೆ, ಇಂಥವರು ಎಲ್ಲಿ ಸಿಗುತ್ತಾರೆ ಎಂದೆಲ್ಲ ಹೇಳಿದೆ. ಹಿಂದಿನಿಂದ ಗಾರೆಯವನು ಎರಡು ಸಲ ಕೆಮ್ಮಿದ. ನನಗೆ ತಿಳಿಯಲಿಲ್ಲ. ಅಧಿಕಾರಿ ನಗುನಗುತ್ತಲೇ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಸರ್‌ಗೆ ಒಂದು ಒಳ್ಳೆಯ ಮಾತು ಬರೆಯುತ್ತಿದ್ದಾರೆ ಎಂದು ನಾನು ಹಿಗ್ಗಿದೆ. ಸರ್ ಬಂದ ಮೇಲೂ ಅವರು ಏನೂ ಕೇಳಲಿಲ್ಲ, ಕೈಮುಗಿದು ಹೋದರು.

ವಾರ ಕಳೆಯುವುದರೊಳಗೆ ನೋಟಿಸು ಬಂತು. ನಮ್ಮ ತಂಡದ ಹಾಜರಿ ಪೂರ್ತಿ ರದ್ದು, ಈ ವರ್ಷ ಯಾರಿಗೂ ಹಾಲ್‌ಟಿಕೆಟ್ ಇಲ್ಲ. ಸರ್ ವರ್ಷ ವರ್ಷ ಹೊಸ ಆದೇಶದ ಮೇಲೆ ಕೆಲಸ ಮಾಡುವವರು. ಆ ಕೆಲಸವೂ ಅಲ್ಲಿಗೇ ನಿಂತಿತು. ಕೋಣೆಗೆ ಬೀಗ ಬಿತ್ತು. ಅವತ್ತು ಸಂಜೆ ಬಂದ ಹನ್ನೆರಡು ಜನರನ್ನು ಸರ್ ಮೆಟ್ಟಿಲ ಮೇಲೆ ಕೂರಿಸಿಕೊಂಡರು.

"ತಪ್ಪು ನಂದು. ಯಾರರೆ ನಿಮ್ಮನ್ನ ಕೇಳಿದ್ರ ಸರ್ ಹಂಗ ಮಾಡ್ತಿದ್ರು ಅಂತನ ಹೇಳ್ರಿ, ಮುಚ್ಚಬ್ಯಾಡ್ರಿ. ಪುಸ್ತಕಾ ಮಾತ್ರ ಬಿಡಬ್ಯಾಡ್ರಿ," ಅಂದರು. ಹೇಳಿದ್ದು ಯಾರೆಂದು ಕೇಳಲೇ ಇಲ್ಲ. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಗೇಟಿನ ಹತ್ತಿರ ಗಾರೆಯವನು ನನ್ನನ್ನು ನಿಲ್ಲಿಸಿದ. "ಹೊಗಳೋದಿದ್ರ ನಿಮ್ಮ ಮನ್ಯಾಗ ಹೊಗಳಬೇಕಿತ್ರಿ ಅಕ್ಕಾರ," ಅಂದ. ಸಿಟ್ಟಿನಿಂದ ಅನ್ನಲಿಲ್ಲ, ಸುಸ್ತಾದವನ ಹಾಗೆ ಅಂದ. ಅವನು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಲ್ಲಿಗೆ ಎಲ್ಲರೂ ಚದುರಿದರು. ಮುಂದಿನ ವರ್ಷ ಆ ತರಗತಿ ತೆರೆಯಲೇ ಇಲ್ಲ. ನಾನು ಪುಸ್ತಕ ಹಿಡಿದು ಕೂತು ನೋಡಿದೆ. ಸರ್ ಕಲಿಸಿದಷ್ಟು ಬರುತ್ತಿತ್ತು, ಅವರು ನಿಲ್ಲಿಸಿದ ಪುಟದ ಆಚೆಗೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಪುಸ್ತಕ ತೆರೆದರೆ ನನ್ನದೇ ಮಾತು ಕಿವಿಗೆ ಬಂದು ಬಡಿಯುತ್ತಿತ್ತು. ತರಗತಿ ಇಲ್ಲದೆಯೂ ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದಿತ್ತು. ಅದರ ಫಾರ್ಮು ತುಂಬುವ ದಿನ ಬಂತು, ಹೋಯಿತು. ನಾನು ಆ ಕಡೆ ತಲೆ ಹಾಕಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸರ್‌ಗೆ ಎರಡೂ ಕಿಡ್ನಿ ಹೋಗಿವೆ ಎಂಬ ಸುದ್ದಿ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಮಲ್ಕಾಜ್‌ಗಿರಿಗೆ ಹೋದೆ. ಆ ಮಾತು ಆಡಿದವಳು ನಾನೇ ಎಂದು ಹೇಳಿ, ಕಾಲು ಹಿಡಿದು ಬರಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರ ಹೆಂಡತಿ ಬಾಗಿಲು ತೆರೆದು, ಒಳಗೆ ನೋಡಿ, "ನಿಮ್ಮ ಕ್ಲಾಸಿನವರು ಬಂದಾರ ನೋಡ್ರಿ," ಅಂದರು. ಸರ್ ಗೋಡೆಗೆ ದಿಂಬು ಆನಿಸಿ ಕೂತಿದ್ದರು. ಮುಖ ಬಾತುಕೊಂಡು ಗುರುತು ಹತ್ತದಂತಾಗಿತ್ತು. ನಾನು ಕೂರುವ ಮೊದಲೇ ಕೇಳಿದರು.

"ಫಾರ್ಮ್ ತುಂಬಿದೇನು ತಂಗಿ?"

ಎಷ್ಟೊಂದು ಆಸೆಯಿಂದ ಕೇಳಿದರೆಂದರೆ, ಜೋಡಿಸಿಟ್ಟುಕೊಂಡ ಮಾತು ಬಿಟ್ಟು ಬೇರೆಯೇ ಬಾಯಿಗೆ ಬಂತು.

"ತುಂಬೀನ್ರಿ ಸರ್," ಅಂದೆ.

"ಲೆಕ್ಕ?"

"ಮಾಡಾಕತ್ತೀನ್ರಿ."

ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದೇನು? ಒಬ್ಬಾಕಿಯರೆ ಪರೀಕ್ಷಾಕ್ಕ ಕುಂದರತಾಳ," ಎಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು ಎಂದು ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಚಹಾ ಮಾಡಲು ಒಳಗೆ ಹೋದರು. ನಾನು ಚಹಾ ಕುಡಿದು ಬಂದೆ.

ಎರಡು ವಾರದಲ್ಲಿ ಅವರು ಹೋಗಿಬಿಟ್ಟರು. ನಾನು ಈಗಲೂ ಅದೇ ಕಚೇರಿಯಲ್ಲಿ ಅದೇ ಟೇಬಲ್ಲಿಗೆ ಚಹಾ ಒಯ್ಯುತ್ತೇನೆ. ಗಾರೆಯವನು ಯಾವ ಊರಿನ ಯಾವ ಗೋಡೆಯ ಮುಂದಿದ್ದಾನೋ ಗೊತ್ತಿಲ್ಲ. ಉಳಿದವರು ಒಬ್ಬೊಬ್ಬರಾಗಿ ದಾರಿಯಲ್ಲಿ ಸಿಕ್ಕಾಗ ಪರೀಕ್ಷೆ ಬರೆದಿರಾ ಎಂದು ಕೇಳಿದ್ದೇನೆ, ಕೇಳಿದವರೆಲ್ಲ ಇಲ್ಲವೆಂದು ತಲೆಯಲ್ಲಾಡಿಸಿದ್ದಾರೆ. ಇಪ್ಪತ್ತೆರಡು ಜನರಲ್ಲಿ ಪರೀಕ್ಷೆಗೆ ಕೂತವರು ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ಒಬ್ಬಳು ಕೂರುತ್ತಾಳೆ ಎಂದು ನಂಬಿಕೊಂಡೇ ಸರ್ ಹೋದರು.