ಗಿರಿಜಕ್ಕ ಕೊಟ್ಟ ಮಾರ್ಕು

ಗಿರಿಜಕ್ಕನ ಬಾಯಲ್ಲಿ 'ಚೆನ್ನಾಗಿಲ್ಲ' ಎಂಬ ಮಾತೇ ಇರಲಿಲ್ಲ. ಮದುವೆಮನೆಯ ಸಾರಿಗೆ ಉಪ್ಪು ಬೀಳದಿದ್ದರೂ "ಲಾಯ್ಕಿತ್ತ್." ಕುಂದಾಪುರದಿಂದ ಹೆಮ್ಮಾಡಿವರೆಗೆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದರೂ "ಲಾಯ್ಕಿತ್ತ್." ಚೆನ್ನಾಗಿದೆ ಎನ್ನುವುದು ನಮ್ಮ ಕಡೆ ಮರ್ಯಾದೆಯ ಮಾತು, ಒಪ್ಪುತ್ತೇನೆ. ಆದರೆ ಅವರದು ಸ್ವಲ್ಪ ಅತಿಯೇ. ಮಾಡಿದವರ ಮುಖ ಸಣ್ಣದಾಗಬಾರದು, ಅಷ್ಟೇ ಅವರ ಶಾಸ್ತ್ರ.

ನನ್ನ ಕೆಲಸವೋ, ಜನರ ಬಾಯಿಂದ ನಿಜ ಹೊರಡಿಸುವುದು. ನಾನಿದ್ದ ಆಸ್ಪತ್ರೆಯಲ್ಲಿ ಜೋರು ಸ್ಟ್ರೋಕ್ ಆದವರಿಗೆಂದು ಹೊಸ ಸಾಧನವೊಂದರ ಪರೀಕ್ಷೆ ನಡೆಯುತ್ತಿತ್ತು. ತೊಡೆಯ ಸಂದಿನ ರಕ್ತನಾಳದಿಂದ ಸಪೂರ ಕೊಳವೆ ತೂರಿಸಿ, ಮಿದುಳಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪನ್ನು ಹಿಡಿದು ಹೊರಗೆಳೆಯುವ ಸಾಧನ. ಕೆಲವರಿಗೆ ಹಳೆಯದು, ಕೆಲವರಿಗೆ ಹೊಸದು. ಯಾರಿಗೆ ಯಾವುದೆಂದು ನನಗೂ ತಿಳಿಸುವಂತಿಲ್ಲ. ಮೂರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ ರೋಗಿಯ ಮನೆಗೆ ಹೋಗಿ ಹೇಗಿದ್ದಾರೆಂದು ನೋಡಿ ಅಂಕೆ ಬರೆಯಬೇಕು. ಏನೂ ತೊಂದರೆ ಇಲ್ಲದವರಿಗೆ ಸೊನ್ನೆ. ತೀರಿಕೊಂಡವರಿಗೆ ಆರು.

ಗಿರಿಜಕ್ಕ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವರು ಹಾಗೇ ಕುಸಿದಿದ್ದರು. ಬಲಭಾಗ ಪೂರ್ತಿ ಬಿದ್ದುಹೋಗಿ, ಮಾತೂ ನಿಂತಿತ್ತು. ಪರೀಕ್ಷೆಗೆ ಒಪ್ಪಿ ಕಾಗದಕ್ಕೆ ಸಹಿ ಹಾಕಿದ್ದು ಗಂಡ ನಾರಾಯಣಣ್ಣ. ಮುಂಬೈ ಹೋಟೆಲಿನಲ್ಲಿ ಆಯುಷ್ಯ ತೇಯ್ದು ಊರಿಗೆ ಮರಳಿದವರು. "ಹೆಪ್ಪ್ ತೆಗ್ದ್ ಮರ್ದಿನ ಇವ್ಳ್ ನನ್ ಹೆಸ್ರ್ ಹಿಡ್ದ್ ಕರ್ದ್ಳ್, ಮಗಳೆ! ಮದಿ ಆದಾಗಿಂದ ಒಂದಿನ ಕರ್ದವ್ಳಲ್ಲ!" ಎಂದು ಅವರು ಹೇಳುವಾಗ ಗಿರಿಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಮೂರು ತಿಂಗಳ ಭೇಟಿಗೆ ನಾನು ಹೋದಾಗ ಸೇವಂತಿಗೆ ಕಾಲ. ಹೆಮ್ಮಾಡಿಯ ಅವರ ಗದ್ದೆ ಹಳದಿಯಾಗಿತ್ತು. ಬೆಲ್ಲ, ನೀರು ಕೊಟ್ಟು ಕೂರಿಸಿದರು. ನಡೆಯಲು ಆಗುತ್ತದೆಯೇ? "ಆತ್ತ್." ತಲೆ ಬಾಚಲು? "ಆತ್ತ್." ಮೊದಲು ಮಾಡುತ್ತಿದ್ದ ಕೆಲಸವೆಲ್ಲ? "ಎಲ್ಲ ಆತ್ತ್ ಹೆಣ್ಣೆ, ಲಾಯ್ಕಿತ್ತ್."

ಹಾಗಾದರೆ ಸೊನ್ನೆ ಎಂದೆ. ಅವರ ಮುಖ ಬಾಡಿಹೋಯಿತು.

"ಸೊನ್ನೆಯಾ? ಅಯ್ಯೋ, ಹತ್ತಕ್ಕೆ ಹತ್ತ್ ಕೊಡ್ ಮಾರಾಯ್ತಿ. ಆ ಡಾಕ್ಟ್ರ್ ಎಷ್ಟ್ ಕಷ್ಟ ಪಟ್ಟಿರ್!"

ಸೊನ್ನೆಯೇ ಎಲ್ಲಕ್ಕಿಂತ ಒಳ್ಳೆಯದೆಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕೋ ಸಾಕಾಯಿತು. ಹೊರಡುವಾಗ ತಾವೇ ಕಟ್ಟಿದ್ದೆಂದು ಒಂದು ಮೊಳ ಸೇವಂತಿಗೆ ಮುಡಿಸಿ ಕಳಿಸಿದರು.

ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಹೂವು ಒಂದೊಂದಾಗಿ ಉದುರತೊಡಗಿತು. ದಂಡೆ ಬಿಚ್ಚಿ ನೋಡಿದೆ. ಬಾಳೆನಾರಿನ ಒಂದು ಗಂಟೂ ಬಿಗಿದಿರಲಿಲ್ಲ. ನಲವತ್ತು ವರ್ಷ ಹೂ ಕಟ್ಟಿದ ಕೈಯ ಗಂಟಲ್ಲ ಅದು. ನನಗೆ ಸಿಟ್ಟು ನೆತ್ತಿಗೇರಿತು. ಬಂದ ಬಸ್ಸು ಬಿಟ್ಟು ವಾಪಸು ನಡೆದೆ.

"ಸುಳ್ಳ್ ಹೇಳಿದ್ದ್ ಎಂತಕ್ಕೆ ಗಿರಿಜಕ್ಕ? ನಿಮ್ ಬೆರಳ್ ಹಿಡಿತಿಲ್ಲೆ, ಅಲ್ದಾ?"

ಗಿರಿಜಕ್ಕ ಬಲಗೈಯನ್ನು ಸೆರಗಿನಡಿ ಸರಿಸಿದರು. "ಸತ್ತವ್ಳನ್ನ ಎಬ್ಸಿ ಕೂರ್ಸಿರ್ ಅವ್ರ್. ಅಂಥವ್ರ್ ಕೆಲ್ಸಕ್ಕೆ ಕಡ್ಮಿ ಮಾರ್ಕ್ ಕೊಡುಕ್ ಆತ್ತಾ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ಪಕ್ಕದಲ್ಲಿ ಕೂತು ನಮ್ಮ ಭಾಷೆಯಲ್ಲೇ ಹೇಳಿದೆ: ಇದು ಡಾಕ್ಟ್ರಿಗೆ ಕೊಡುವ ಮಾರ್ಕಲ್ಲ. ಎಲ್ಲರೂ ನಿಮ್ಮ ಹಾಗೆ ಚೆಂದ ಮಾಡಿ ಹೇಳಿದರೆ, ಯಾವ ಸಾಧನ ಮೇಲೆಂದು ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ನಿಮ್ಮ ಹಾಗೇ ಬಿದ್ದವರಿಗೆ ಯಾವುದು ಹಾಕುವುದು?

ಗಿರಿಜಕ್ಕ ಎದ್ದು ಹೂವಿನ ಬುಟ್ಟಿ, ನಾರು ತಂದು ನನ್ನೆದುರು ಕೂತರು. ಬಲಗೈಯ ಹೆಬ್ಬೆರಳು ಜಾರುತ್ತಿತ್ತು. ಒಂದು, ಎರಡು, ಮೂರು ಸಲ. ಹಣೆಯಲ್ಲಿ ಬೆವರು ಬಂತು. ಕೊನೆಗೆ ನಾರು ಕೆಳಗಿಟ್ಟು, "ಬರಿ. ಇದ್ ನಂಗೆ ಆತಿಲ್ಲೆ" ಎಂದರು. ಆ ಮಾತು ಹೇಳಲು ಅವರಿಗೆಷ್ಟು ಕಷ್ಟವಾಯಿತೆಂದು ನಾನು ಬಲ್ಲೆ. ಸೊನ್ನೆ ಹೊಡೆದುಹಾಕಿ ಎರಡು ಎಂದು ಬರೆದೆ.

ಅಂದಿನಿಂದ ಬಿಜೂರಿನ ನನ್ನ ಮನೆಗೆ ಹೋಗುವಾಗಲೆಲ್ಲ ಹೆಮ್ಮಾಡಿಯಲ್ಲಿ ಇಳಿಯುವುದು ಅಭ್ಯಾಸವಾಯಿತು. ಹಿಟ್ಟಿನ ಉಂಡೆ ಹಿಸುಕಿ ಹಿಸುಕಿ ಅವರ ಬೆರಳು ಅಷ್ಟಿಷ್ಟು ದಾರಿಗೆ ಬಂತು. ನಿಜ ಹೇಳುವ ಚಟ ಮಾತ್ರ ಪೂರ್ತಿ ಅಂಟಿಕೊಂಡಿತು. "ಹ್ವಾಯ್, ಇವ್ಳಿಗ್ ಎಂತ ಕಲ್ಸಿದೆ ನೀನ್?" ನಾರಾಯಣಣ್ಣ ಗೋಳಾಡಿದರು. "ಮುಂಬೈಯಲ್ಲ್ ಸಾವ್ರ ಜನ ಉಂಡದ್ದ್ ನನ್ ಸಾಂಬಾರ್. ಇವ್ಳ್ ಏಕ್‌ದಮ್ ನೀರ್ ಅಂತ್ಳ್!" ಹಿಂದಿನಿಂದ ಗಿರಿಜಕ್ಕ, "ನೀರೇ ಅದ್" ಎಂದರು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅದೇ ನಮ್ಮ ಕೊನೆಯ ಭೇಟಿ.

ವರ್ಷದ ಭೇಟಿಗೆ ಇನ್ನು ಎಂಟೇ ದಿನವಿರುವಾಗ ಅವರು ಮಲಗಿದಲ್ಲೇ ಹೋದರು. ಹೃದಯ, ಎಂದರು ಡಾಕ್ಟರು. ಫಾರಂ ಹಿಡಿದು ಆ ಮನೆಯ ಜಗುಲಿಯಲ್ಲಿ ಕೂತರೆ ನನ್ನ ಕೈ ಏಳಲಿಲ್ಲ. ನಾರಾಯಣಣ್ಣನಿಗೆ ಅಂಕೆಗಳ ಲೆಕ್ಕ ಬಾಯಿಪಾಠವಾಗಿತ್ತು.

"ಆರ್ ಬರಿ ಮಗಳೆ. ಸುಳ್ಳ್ ಬರೆಯುದ್ ಬ್ಯಾಡ," ಎಂದರು. ಆಮೇಲೆ ಗದ್ದೆಯತ್ತ ಕೈ ತೋರಿಸಿದರು. ಎಳೆ ಸೇವಂತಿಗೆ ಗಿಡಗಳು ಸಾಲಾಗಿ ನಿಂತಿದ್ದವು. "ಅದ್ರ್ ಕೆಳ್ಗೆ ಇದ್‌ನೂ ಬರಿ. ಹಿಂದಿನ್ ದಿನ ಈ ನಾಕ್ ಸಾಲ್ ನೆಟ್ಟದ್ದ್ ಅವ್ಳೇ. ಬಲ್ಗೈಯಲ್ಲೇ."

ಬರೆದೆ. ಕಚೇರಿಯವರು, ಫಾರಂನಲ್ಲಿ ಇದಕ್ಕೆ ಜಾಗವಿಲ್ಲ, ತೆಗೆಯಿರಿ ಎಂದರು. ಅದು ಸುಳ್ಳಾದರೆ ತೆಗೆಯುತ್ತೇನೆ ಎಂದೆ.